ಕ್ಯಾಪ್ಟನ್ ಸುನಯನಾ ಬರುವವರೆಗೆ ಹೋಳಿಗೆ ಇಲ್ಲ

೧

ಈ ಕಥೆಯನ್ನು ಎಲ್ಲಿಂದ ಶುರು ಮಾಡಬೇಕೋ ಗೊತ್ತಿಲ್ಲ. ನನಗೆ ಸಿಟ್ಟು ಬಂದಿದೆ, ಅಷ್ಟು ಮಾತ್ರ ಗೊತ್ತು. ಸಿಟ್ಟಿನಲ್ಲಿ ಕಥೆ ಶುರು ಮಾಡಬಾರದು ಎಂದು ಅಜ್ಜಿ ಹೇಳುತ್ತಿದ್ದಳು. ಮೊದಲು ಕಾಲು ಚಾಚಿ ಕೂರಬೇಕು, ಬೆನ್ನು ಗೋಡೆಗೆ ಒರಗಿಸಬೇಕು, ಕೇಳುವವರು ಹೂಂಗುಡುತ್ತಾರೆಯೇ ಎಂದು ನೋಡಬೇಕು, ಆಮೇಲೆ ಬಾಯಿ ತೆರೆಯಬೇಕು. ಸರಿ. ಕಾಲು ಚಾಚಿದ್ದೇನೆ. ಹೂಂಗುಡಿ.

ಬಸ್ತಿಹಳ್ಳಿ ಎಂಬ ಊರಿನಲ್ಲಿ ಧರ್ಮಾವತಿ ಎಂಬ ನನ್ನಜ್ಜಿ ಹದಿನಾಲ್ಕು ವರ್ಷದಿಂದ ಹೋಳಿಗೆ ತಿಂದಿರಲಿಲ್ಲ. ಬಾಹ್ಯಾಕಾಶಕ್ಕೆ ಹೋದ ಒಬ್ಬ ಕ್ಯಾಪ್ಟನ್ ಇನ್ನೂ ಮನೆಗೆ ಬಂದಿರಲಿಲ್ಲ, ಅದಕ್ಕೆ.

(ಎರಡೇ ವಾಕ್ಯದಲ್ಲಿ ಎಲ್ಲ ಹೇಳಿಬಿಟ್ಟೆ. ಜಾಣ ಲೇಖಕಿಯಾಗಿದ್ದರೆ ಹತ್ತು ಪುಟ ಎಳೆಯುತ್ತಿದ್ದೆ.)

೨

ಆ ಕ್ಯಾಪ್ಟನ್ ಇದ್ದದ್ದು ಒಂದು ಟೀವಿ ಧಾರಾವಾಹಿಯಲ್ಲಿ. ಅದರ ಹೆಸರು ‘ನೌಕೆ ಹನ್ನೊಂದು’ ಎಂದಿಟ್ಟುಕೊಳ್ಳೋಣ. ನಿಜವಾದ ಹೆಸರು ಬರೆದು ಕೇಸು ಹಾಕಿಸಿಕೊಳ್ಳುವ ಪುರುಸೊತ್ತು ನನಗಿಲ್ಲ. ಪ್ರತಿ ಭಾನುವಾರ ಬೆಳಿಗ್ಗೆ ಹತ್ತು ಗಂಟೆಗೆ ಬರುತ್ತಿತ್ತು. ನೌಕೆ ಥರ್ಮಾಕೋಲಿನದು, ಕಂಟ್ರೋಲ್ ಪ್ಯಾನೆಲ್ಲಿಗೆ ಹಳೆಯ ಕ್ಯಾಲ್ಕುಲೇಟರುಗಳನ್ನು ಅಂಟಿಸಿದ್ದು ಹತ್ತು ವರ್ಷದ ನನಗೂ ಕಾಣುತ್ತಿತ್ತು. ಆದರೆ ಕ್ಯಾಪ್ಟನ್ ಸುನಯನಾ ಬಂದು ಜಡೆಯನ್ನು ಬೆನ್ನಿಗೆ ಎಸೆದು ಲೀವರ್ ಹಿಡಿದಳೆಂದರೆ ಥರ್ಮಾಕೋಲ್ ಎಲ್ಲ ಉಕ್ಕಾಗುತ್ತಿತ್ತು.

ಎಂಬತ್ತಾರನೇ ಸಂಚಿಕೆಯಲ್ಲಿ ಎಂಜಿನ್ ಕೆಟ್ಟಿತು. ತನ್ನ ನಾಲ್ವರು ಜೊತೆಗಾರರನ್ನು ಸಣ್ಣ ನೌಕೆಗೆ ಹತ್ತಿಸಿ ಭೂಮಿಗೆ ಕಳಿಸಿ, ಲೀವರ್ ಹಿಡಿದುಕೊಂಡು ಅವಳೊಬ್ಬಳೇ ಉಳಿದಳು. “ನಾನು ಬರ್ತೀನಿ. ಬಾಗಿಲು ಹಾಕ್ಬೇಡಿ,” ಅಂದಳು. ಮುಂದಿನ ಭಾನುವಾರ ಹತ್ತು ಗಂಟೆಗೆ ಟೀವಿ ಹಾಕಿದರೆ ಒಬ್ಬ ಜ್ಯೋತಿಷಿ ಕೂತಿದ್ದ. ಚಾನೆಲ್‌ನವರು ಧಾರಾವಾಹಿಯನ್ನೇ ನಿಲ್ಲಿಸಿದ್ದರು.

ನಾನು ಮೂರು ದಿನ ಅತ್ತೆ. ಊಟ ಬಿಟ್ಟೆ. ಅಜ್ಜಿ ತನ್ನ ಕಥೆಗಳ ಗಂಟು ಬಿಚ್ಚಿ ಏಳು ಸಮುದ್ರದಾಚೆಯ ರಾಜಕುಮಾರಿಯರನ್ನೆಲ್ಲ ಕರೆತಂದಳು, ನಾನು ಹೂಂಗುಡಲಿಲ್ಲ. ನಾಲ್ಕನೇ ದಿನ ನನ್ನ ಕೈ ಹಿಡಿದು ಬಸದಿಗೆ ಕರೆದುಕೊಂಡು ಹೋದಳು. ಪಾರ್ಶ್ವನಾಥ ಸ್ವಾಮಿಯ ಮುಂದೆ ಕೈ ಮುಗಿದು ನಿಂತು ಹೇಳಿದಳು: “ಆ ಹುಡುಗಿ ಮನೆ ಸೇರೋಗಂಟ ನಾನು ಹೋಳಿಗೆ ಮುಟ್ಟಲ್ಲ.”

ನಮ್ಮ ಜೈನರಲ್ಲಿ ನಿಯಮ ತೆಗೆದುಕೊಳ್ಳುವುದು ಹೊಸದಲ್ಲ. ಮಳೆಗಾಲದ ನಾಲ್ಕು ತಿಂಗಳು ಒಬ್ಬರು ಸೊಪ್ಪು ಬಿಡುತ್ತಾರೆ, ಇನ್ನೊಬ್ಬರು ಹಾಲು ಬಿಡುತ್ತಾರೆ. ಆದರೆ ಟೀವಿಯೊಳಗಿನ ಹೆಂಗಸಿಗಾಗಿ ಯಾರೂ ಏನನ್ನೂ ಬಿಟ್ಟಿರಲಿಲ್ಲ. ನೆಂಟರೆಲ್ಲ ನಕ್ಕರು. ನಾನು ಒಂದು ವಾರದಲ್ಲಿ ಅಳು ಮರೆತೆ. ಅಜ್ಜಿ ನಿಯಮ ಮರೆಯಲಿಲ್ಲ. ಪ್ರತಿ ಯುಗಾದಿಗೂ ತಾನೇ ಕೂತು ಹೋಳಿಗೆ ತಟ್ಟಿದಳು, ಬಡಿಸಿದಳು, ಕೈ ತೊಳೆದುಕೊಂಡು ಎದ್ದಳು.

೩

(ಇಲ್ಲಿ ಬಸದಿಯ ಕಂಬಗಳ ಬಗ್ಗೆ ಒಂದು ಪುಟ ಬರೆದಿದ್ದೆ. ಕನ್ನಡಿಯಂತೆ ಹೊಳೆಯುವ ಆ ಕಂಬಗಳಲ್ಲಿ ನನ್ನ ಮುಖದ ಹಿಂದೆ ಒಂದು ಜಡೆ ಹಾದುಹೋದಂತೆ ಕಂಡಿತು, ಇತ್ಯಾದಿ. ಓದಿದರೆ ಪ್ರವಾಸಿಗರ ಕರಪತ್ರದಂತಿತ್ತು. ಹರಿದುಹಾಕಿದೆ. ಸಿಟ್ಟಿರುವಾಗ ಶಿಲ್ಪಕಲೆ ಬರೆಯಬಾರದು.)

೪

ಹೋದ ತಿಂಗಳು ಸುದ್ದಿ ಬಂತು: ‘ನೌಕೆ ಹನ್ನೊಂದು’ ತಂಡ ಮತ್ತೆ ಒಂದಾಗಿದೆ, ತೊಂಬತ್ತು ನಿಮಿಷದ ಕೊನೆಯ ಸಂಚಿಕೆ, ಭಾನುವಾರ ಸಂಜೆ ನಾಲ್ಕಕ್ಕೆ, ಆ್ಯಪಿನಲ್ಲಿ. ನಮ್ಮ ಅಭಿಮಾನಿಗಳ ವಾಟ್ಸಾಪ್ ಗ್ರೂಪಿನಲ್ಲಿ ಇನ್ನೂರ ಹನ್ನೆರಡು ಜನ ಇದ್ದಾರೆ. ಆ ದಿನ ಯಾರೂ ಕೆಲಸ ಮಾಡಿದಂತೆ ಕಾಣಲಿಲ್ಲ.

ಭಾನುವಾರ ಮಧ್ಯಾಹ್ನವೇ ಗ್ರೂಪಿನ ಅಡ್ಮಿನ್ ಮಧುಕುಮಾರ್ ಅರಸೀಕೆರೆಯ ತನ್ನ ಮೊಬೈಲ್ ಅಂಗಡಿ ಮುಚ್ಚಿ, ಟೀವಿಗೆ ಚುಚ್ಚುವ ವೈರು ಹಿಡಿದು ಬಂದ. ಮಾದಿಹಳ್ಳಿಯಿಂದ ನನ್ನ ಗೆಳತಿ ಶಿಲ್ಪಶ್ರೀ ಬಂದಳು, ಜಡೆ ಹಾಕಿಕೊಂಡು. ಅವಳು ಜಡೆ ಹಾಕಿದ್ದು ಹತ್ತು ವರ್ಷದಲ್ಲಿ ಅದೇ ಮೊದಲು.

ಅಜ್ಜಿ ಅಡುಗೆಮನೆಯಿಂದ ಹೊರಗೆ ಬರಲಿಲ್ಲ.

“ಅಜ್ಜಿ, ಬನ್ನಿ, ನಿಮಗೇ ಮುಂದಿನ ಸೀಟು,” ಅಂದ ಮಧು.

“ನಾ ನೋಡಕ್ಕಿಲ್ಲಪ್ಪ. ಮಧ್ಯದಲ್ಲಿ ಆ ಹುಡುಗಿಗೆ ಏನಾರಾ ಆದ್ರೆ ನನ್ ಕೈಲಿ ತಡಿಯಕ್ಕಾಗಲ್ಲ. ಮಹಿಮಾ ನೋಡ್ಕೊಂಡು ಬಂದು ಹೇಳ್ತಾಳೆ.” ಒಳಗಿನಿಂದಲೇ ನನ್ನತ್ತ ಬೆರಳು ತೋರಿಸಿದಳು. “ ಇಷ್ಟು ವರ್ಸ ನಾನು ಹೇಳಿಲ್ವಾ ಅವಳ್ಗೆ? ಈಗ ಅವಳು ಹೇಳ್ಲಿ.”

“ಹೋಳಿಗೆ ಎಷ್ಟು ಹೊತ್ತಿಗೆ?”

“ಅವಳು ಬಂದ ಹೊತ್ತಿಗೆ. ಹೊತ್ತು ಮುಳುಗೋದ್ರೊಳ್ಗೆ ಬಂದ್ರೆ ಸರಿ. ಆಮೇಲೆ ನಾನು ನೀರೂ ಕುಡಿಯಲ್ಲ, ಗೊತ್ತಲ್ಲ.”

ಲೆಕ್ಕ ಸರಿಯಿತ್ತು. ಸಂಚಿಕೆ ಮುಗಿಯುವುದು ಐದೂವರೆಗೆ, ಸೂರ್ಯ ಮುಳುಗುವುದು ಆರೂ ಇಪ್ಪತ್ತಕ್ಕೆ. ಸುನಯನಾಳಿಗೆ ಬೇಕಾದಷ್ಟು ಸಮಯವಿತ್ತು.

೫

ಏನಾಯಿತೆಂದು ಹೇಳುತ್ತೇನೆ. ಸಿಟ್ಟು ಮತ್ತೆ ಮೇಲೆ ಬರುತ್ತಿದೆ, ಅಕ್ಷರ ತಪ್ಪಿದರೆ ಕ್ಷಮಿಸಿ.

ನಾಲ್ವರು ಜೊತೆಗಾರರು, ಎಲ್ಲರಿಗೂ ಹೊಟ್ಟೆ ಬಂದಿದೆ, ಒಂದು ರೆಸಾರ್ಟಿನಂಥ ಜಾಗದಲ್ಲಿ ಸೋಫಾ ಮೇಲೆ ಕೂತರು. ಹಳೆಯದನ್ನು ನೆನೆದು ಅತ್ತರು. ಎಂಬತ್ತು ನಿಮಿಷ ಅದೇ. ನಾವು ಮೂವರೂ ಬಾಗಿಲನ್ನೇ ನೋಡುತ್ತಿದ್ದೆವು, ಅವರ ಹಿಂದಿದ್ದ ಗಾಜಿನ ಬಾಗಿಲನ್ನು. ಎಂಬತ್ತೈದನೇ ನಿಮಿಷಕ್ಕೆ ಅವರ ಎಂಜಿನಿಯರ್ ಎದ್ದು ನಿಂತು ಹೇಳಿದ: “ಈ ಸತ್ಯ ಇಷ್ಟು ದಿನ ಮುಚ್ಚಿಟ್ಟೆ. ಕ್ಯಾಪ್ಟನ್ ಅಂತ ಯಾರೂ ಇರಲೇ ಇಲ್ಲ. ನಾವು ಹೆದರಬಾರದು ಅಂತ ನೌಕೆಯ ಕಂಪ್ಯೂಟರ್ ಸೃಷ್ಟಿಸಿದ ರೂಪ ಅದು. ನಮ್ಮ ಧೈರ್ಯಕ್ಕೇ ನಾವು ಸುನಯನಾ ಅಂತ ಹೆಸರಿಟ್ಟಿದ್ವಿ.”

ಪಿಟೀಲು. ನಾಲ್ವರ ಅಪ್ಪುಗೆ. ಮುಗಿಯಿತು.

“ಧೈರ್ಯ ಅಂತೆ ಧೈರ್ಯ!” ಶಿಲ್ಪಶ್ರೀ ದಿಂಬನ್ನು ಟೀವಿಗೆ ಎಸೆದಳು. “ಧೈರ್ಯಕ್ಕೆ ಜಡೆ ಇರುತ್ತೇನೋ? ಹದಿಮೂರನೇ ಸಂಚಿಕೇಲಿ ಅವಳಿಗೆ ಜ್ವರ ಬಂದಿತ್ತು. ಕಂಪ್ಯೂಟರ್‌ಗೆ ಜ್ವರ ಬರುತ್ತಾ? ನೀನು ಮೊಬೈಲ್ ಅಂಗಡಿಯವನಲ್ವಾ, ಹೇಳೋ!”

“ನನ್ ಮೇಲೆ ಯಾಕೆ ಎಗರ್ತೀಯ, ನಾನೇನು ಬರ್ದಿದ್ನಾ?” ಮಧುವಿನ ಕಣ್ಣು ಒದ್ದೆಯಾಗಿತ್ತು. “ಸುನಯನಾ ಪಾರ್ಟು ಮಾಡಿದ್ರಲ್ಲ, ಆ ಮೇಡಂ ಬರೋಕೆ ಒಪ್ಪಲಿಲ್ವಂತೆ. ಗ್ರೂಪಲ್ಲಿ ಹಾಕವ್ರೆ. ಅದಕ್ಕೆ ಹಿಂಗ್ ಮಾಡಿದ್ದು.”

ಗ್ರೂಪು ಹೊತ್ತಿ ಉರಿಯುತ್ತಿತ್ತು. ಕಣಕಟ್ಟೆಯ ಚೈತನ್ಯನ ವಾಯ್ಸ್ ಮೆಸೇಜು, ಹಿಂದೆ ಎಮ್ಮೆ ಕೂಗುತ್ತಿದೆ: “ಏನ್ರಲಾ ಇದು? ನಮ್ಮೂರ ನಾಟಕದಲ್ಲಿ ಪಾರ್ಟಿನೋಳು ಕೈಕೊಟ್ರೆ ಮೇಷ್ಟ್ರೇ ಸೀರೆ ಉಟ್ಕಂಡು ಬತ್ತಾರೆ. ಮೀಸೆ ಇದ್ರೂ ದ್ರೌಪದಿ ದ್ರೌಪದೀನೇ. ದ್ರೌಪದಿ ಇರ್ಲೇ ಇಲ್ಲ ಅಂತ ಯಾವನೂ ಅನ್ನಲ್ಲ ಕಣ್ರಲಾ!”

ಇಡೀ ಸಂಜೆಯಲ್ಲಿ ಯಾರಾದರೂ ಸಾಹಿತ್ಯದ ಬಗ್ಗೆ ಸರಿಯಾದ ಒಂದು ಮಾತು ಆಡಿದ್ದರೆ ಅದು ಚೈತನ್ಯ.

೫ (ಮತ್ತೆ)

ನನ್ನ ಸಿಟ್ಟಿಗೆ ಇನ್ನೊಂದು ಕಾರಣವಿದೆ. ನಾನೂ ಬರೆಯುವವಳು. ‘ಅದೆಲ್ಲ ಇರಲೇ ಇಲ್ಲ’ ಎನ್ನುವುದು ಎಷ್ಟು ಸುಲಭ ಎಂದು ನನಗೆ ಗೊತ್ತು. ಕಾಲೇಜಿನ ಮ್ಯಾಗಜಿನ್ನಿನಲ್ಲಿ ‘ಅಷ್ಟರಲ್ಲಿ ಎಚ್ಚರವಾಯಿತು’ ಎಂದು ಕಥೆ ಮುಗಿಸಿ ಬಹುಮಾನ ಪಡೆದವಳು ನಾನು. ಬಹುಮಾನಕ್ಕೆ ಬಂದ ಸ್ಟೀಲ್ ಡಬ್ಬಿ ಈಗಲೂ ಸಾಸಿವೆ ತುಂಬಿಕೊಂಡು ನಮ್ಮ ಅಡುಗೆಮನೆಯಲ್ಲಿದೆ.

ಆ ಡಬ್ಬಿಯ ಪಕ್ಕದಲ್ಲೇ ಅಜ್ಜಿ ಬಾಳೆಲೆ ಹಾಕಿಕೊಂಡು ಕೂತಿದ್ದಳು.

೬

ಎಲೆಯ ಮೇಲೆ ಒಂದೇ ಹೋಳಿಗೆ. ಮೇಲೆ ತುಪ್ಪ. ಗಂಟೆ ಐದೂ ನಲವತ್ತು.

“ಬಂದ್ಳಾ?” ಅಂದಳು ಅಜ್ಜಿ.

“ಬಂದ್ಳು.”

(ಹೌದು, ಸುಳ್ಳು ಹೇಳಿದೆ. ನೀವಾಗಿದ್ದರೆ?)

ಅಜ್ಜಿ ಕಣ್ಣು ಮುಚ್ಚಿ ಕೈ ಮುಗಿದಳು. ಆಮೇಲೆ ಹೋಳಿಗೆಯ ತುದಿ ಮುರಿದು, ತುಪ್ಪದಲ್ಲಿ ಹೊರಳಿಸಿ, ಬಾಯಿಯ ಹತ್ತಿರ ತಂದಳು.

“ಯಾವುದ್ರಾಗೆ ಬಂದ್ಳು?”

“ನೌಕೆ ತಾನೇ ರಿಪೇರಿ ಮಾಡ್ಕೊಂಡು, ಅದರಲ್ಲೇ.”

“ಬಾಗ್ಲು ತೆಗ್ದಿತ್ತಾ?”

“ತೆಗ್ದೇ ಇತ್ತು.”

“ಕಾಲಿಗೆ ನೀರು ಯಾರು ಕೊಟ್ರು?”

“ಅವಳಮ್ಮ.”

ಅಜ್ಜಿಯ ಕೈ ಅಲ್ಲೇ ನಿಂತಿತು.

“ಅವಳಮ್ಮ ತೀರ್ಕಂಡಿರೋ ಸುದ್ದಿ ನೌಕೆ ರೇಡಿಯೋಗೆ ಬಂದಾಗ ನೀನೂ ನಾನೂ ಒಟ್ಗೆ ಕೂತು ಅತ್ತಿದ್ವಲ್ಲೇ.”

ನಲವತ್ತನೇ ಸಂಚಿಕೆ. ಮರೆತೇಬಿಟ್ಟಿದ್ದೆ. ಧಾರಾವಾಹಿ ಬರೆದವರಿಗೆ ಕ್ಯಾಪ್ಟನ್ನಿನ ಜ್ವರ ಮರೆತುಹೋಗಿತ್ತು, ನನಗೆ ಅವಳ ತಾಯಿಯ ಸಾವು.

ಅಜ್ಜಿ ತುಂಡನ್ನು ಎಲೆಯ ಮೇಲಿಟ್ಟಳು. “ಕಥೆ ಹೇಳೇ ಅಂದ್ರೆ ಸುಳ್ಳು ಹೇಳ್ತೀಯಾ?”

“ನೀನು ಹೇಳಿದ್ದೆಲ್ಲ ನಿಜನಾ? ಮಾತಾಡೋ ಗಿಣಿ ಎಲ್ಲಿತ್ತು?”

“ನಿಂಗೆ ಬೇಜಾರಾಗ್ತದೆ ಅಂತ ಯಾವತ್ತಾರಾ ಸಾಯೋ ರಾಜಕುಮಾರನ್ನ ಉಳಿಸಿದ್ನಾ? ಸತ್ತೋನು ಸತ್ತ ಅಂತ್ಲೇ ಹೇಳ್ದೆ. ನೀನು ಅತ್ಕಂಡೇ ಮಲಗ್ದೆ. ಏನಾಯ್ತು ಹೇಳು ಈಗ.”

ಹೇಳಿದೆ. ಸೋಫಾ, ಹೊಟ್ಟೆ, ಪಿಟೀಲು, ಎಲ್ಲ.

೭

ಇಲ್ಲಿ ಅಜ್ಜಿ ಅಳುತ್ತಾಳೆ ಎಂದು ಬರೆದಿದ್ದೆ. ಅಳಲಿಲ್ಲ. ಅವಳ ಮುಖ ಕೆಂಪಾಯಿತು.

“ಇರ್ಲೇ ಇಲ್ಲ ಅನ್ನಕ್ಕೆ ಅವರ್ಯಾರು? ಅವ್ರನ್ನ ಬದುಕ್ಸಿ ಕಳಿಸ್ದೋಳ್ನ? ಸೋಫಾ ಮ್ಯಾಲೆ ಕೂತ್ಕಂಡು? ನಾಚಿಕೆ ಆಗಲ್ವಾ ಮುಂಡೇವಕ್ಕೆ!”

ನಮ್ಮ ಮನೆಯಲ್ಲಿ ಬೈಗುಳ ಆಡುವುದಿಲ್ಲ. ಬಾಗಿಲಲ್ಲಿ ನಿಂತಿದ್ದ ಶಿಲ್ಪಶ್ರೀ ಚಪ್ಪಾಳೆ ತಟ್ಟಿದಳು.

ಮಧುಕುಮಾರ್ ಗಂಟಲು ಸರಿಮಾಡಿಕೊಂಡ. “ಅಜ್ಜಿ, ಒಂದು ಪಾಯಿಂಟ್. ಅವಳೇ ಇರಲಿಲ್ಲ ಅಂದ್ಮೇಲೆ ಮನೆಗೆ ಬರೋದು ಅನ್ನೋ ಮಾತೇ ಇಲ್ಲ. ಅಂದ್ರೆ ನಿಮ್ಮ ನಿಯಮಾನೂ ಟೆಕ್ನಿಕಲಿ ಕ್ಯಾನ್ಸಲ್. ಆರಾಮಾಗಿ ತಿನ್ನಿ.”

“ಲೋ ಮಧು, ಅವಳು ಇರ್ಲಿಲ್ಲ ಅಂತ ನೀವು ಬೇಕಾದ್ರೆ ಒಪ್ಕಳ್ರಿ. ನಾನು ಬಿಟ್ಟ ಹೋಳಿಗೆ ಇತ್ತಲ್ಲೋ.”

ಮಧು ಒಲೆಯ ಪಕ್ಕದ ತಟ್ಟೆಯಿಂದ ಒಂದು ಹೋಳಿಗೆ ಎತ್ತಿಕೊಂಡ. ನಾನೂ ಅಷ್ಟಕ್ಕೆ ಬಿಡಬೇಕಿತ್ತು. ಆದರೆ ನನ್ನ ಸಿಟ್ಟು ಅಜ್ಜಿಯ ಕಡೆಗೇ ತಿರುಗಿತು.

“ನಾನು ಅಳು ನಿಲ್ಲಿಸಿ ಹದಿನಾಲ್ಕು ವರ್ಷ ಆಯ್ತಜ್ಜಿ! ನನ್ನ ಸಮಾಧಾನ ಮಾಡೋಕೆ ತಾನೇ ನೀನು ಬಿಟ್ಟಿದ್ದು? ಸಮಾಧಾನ ಆಯ್ತು, ಮುಗೀತು! ಎಂಬತ್ತೊಂದು ನಿನಗೆ. ಇನ್ನೆಷ್ಟು ಯುಗಾದಿ ಇದೆ ಅಂತ ಹೀಗೆ ಹಟ ಮಾಡ್ತೀಯ?”

ಹೇಳಬಾರದ ಮಾತು. ಹೇಳಿದೆ, ಬರೆದೂ ಬರೆದೆ. ಅಳಿಸುವುದಿಲ್ಲ.

ಅಜ್ಜಿ ತುಂಡನ್ನು ಎಲೆಯ ನಡುವಿಗೆ ಸರಿಸಿದಳು. “ಮೊದ್ಲು ನಿಂಗೋಸ್ಕರಾನೇ ಬಿಟ್ಟಿದ್ದು ಕಣೇ. ನೀನು ಮರ್ತೆ. ಆಮ್ಯಾಕೆ ನಂಗೇ ಅವಳು ಬರ್ಲಿ ಅನ್ನಿಸ್ತು.”

೮

ಈಗ ನಾನು ಲೇಖಕಿಯ ಕೆಲಸ ಮಾಡಬೇಕು. ಅಂತ್ಯಗಳನ್ನು ಪ್ರಯತ್ನಿಸಿದ್ದೇನೆ.

ಅಂತ್ಯ ಒಂದು: ಬಾಗಿಲು ಬಡಿಯುತ್ತದೆ. ಜಡೆಯ ಹೆಂಗಸು. ಅಜ್ಜಿ ಚೊಂಬಿನಲ್ಲಿ ನೀರು ಕೊಡುತ್ತಾಳೆ. (ಕಣ್ಣಲ್ಲಿ ನೀರು ಬಂತು. ಮರುದಿನ ಓದಿದರೆ ತುಪ್ಪದ ಜಾಹೀರಾತಿನಂತಿತ್ತು.)

ಅಂತ್ಯ ಎರಡು: ಇನ್ನೂರ ಹನ್ನೆರಡು ಜನ ಸೇರಿ ಸುನಯನಾ ಬಂದಳೆಂದು ಬರೆಯುತ್ತಾರೆ, ಅಜ್ಜಿ ಒಪ್ಪಿ ತಿನ್ನುತ್ತಾಳೆ. ಇದನ್ನು ಬರೆಯುತ್ತಿದ್ದಾಗ ಅಜ್ಜಿಯೇ ನನ್ನ ವಾಕ್ಯದೊಳಗಿಂದ ತಲೆ ಎತ್ತಿದಳು.

“ಬರ್ಕಳ್ರಮ್ಮ, ಚೆನ್ನಾಗಿ ಬರ್ಕಳ್ರಿ. ಅದು ನಿಮ್ ಸುನಯನಾ. ನಾನು ಸ್ವಾಮಿ ಮುಂದೆ ಹೇಳಿದ್ದು ಲೀವರ್ ಹಿಡ್ಕಂಡು ಉಳಿದ್ಳಲ್ಲ, ಅವಳ್ನ.”

“ಅಜ್ಜಿ, ಇದು ನನ್ನ ಕಥೆ. ನಾನು ತಿಂದಳು ಅಂತ ಬರೆದರೆ ನೀನು ತಿನ್ನಬೇಕು.”

“ಬರ್ದು ನೋಡು.”

ಬರೆದೆ. ಹನ್ನೊಂದು ಸಲ ಬರೆದೆ. ಹನ್ನೊಂದು ಸಲವೂ ಅವಳು ತುಂಡನ್ನು ಬಾಯಿಯ ತನಕ ತಂದು, ನನ್ನನ್ನು ನೋಡಿ, ಕೆಳಗಿಟ್ಟಳು.

೯

ಆದ್ದರಿಂದ ನಡೆದದ್ದನ್ನೇ ಬರೆಯುತ್ತೇನೆ. ಅಜ್ಜಿ ಎಲೆಯನ್ನು ನನ್ನ ಮುಂದೆ ತಳ್ಳಿದಳು. “ತಿನ್ನು. ಆರೋಯ್ತದೆ.”

“ನನಗೆ ಬೇಡ. ನಾನೂ ನಿಯಮ ತಗೊಳ್ತೀನಿ.”

“ಬಾಯಿಗೆ ಬಂದಂಗೆ ನಿಯಮ ತಗಳಕ್ಕೆ ಇದೇನು ಬಸ್ ಟಿಕೆಟ್ಟಾ? ತಿನ್ನು ಅಂದೆ.”

ಸಿಟ್ಟಿನಿಂದಲೇ ತಿಂದೆ. ಅಜ್ಜಿ ನನ್ನ ದವಡೆಯನ್ನೇ ನೋಡುತ್ತ ಕೇಳಿದಳು: “ಹೆಂಗೈತೆ?”

ಪ್ರತಿ ಹಬ್ಬಕ್ಕೂ ಇದೇ ಪ್ರಶ್ನೆ. ಚೆನ್ನಾಗಿದೆ ಎಂದು ಮನೆಮಂದಿಯೆಲ್ಲ ಹೇಳಿಕೊಂಡು ಬಂದಿದ್ದೇವೆ. ಬಾಯಿ ಆ ಮಾತಿಗೆ ತಾನಾಗಿ ತೆರೆಯಿತು. ಮುಚ್ಚಿದೆ.

“ಬೆಲ್ಲ ಕಮ್ಮಿ ಅಜ್ಜಿ.”

“ಏನಂದೆ?”

“ಸಪ್ಪೆ. ಇವತ್ತು ಮಾತ್ರ ಅಲ್ಲ. ನೀನು ಹೂರಣ ಬಾಯಿಗೆ ಹಾಕ್ಕೊಳ್ಳೋದು ಬಿಟ್ಟಾಗಿಂದ ವರ್ಷ ವರ್ಷ ಕಮ್ಮಿ ಆಗ್ತಾ ಬಂದಿದೆ. ಅಮ್ಮನಿಗೂ ಗೊತ್ತು. ಎಲ್ಲರಿಗೂ ಗೊತ್ತು.”

ಮಧು ತನ್ನ ಕೈಯಲ್ಲಿದ್ದ ಅರ್ಧ ಹೋಳಿಗೆಯನ್ನು ಬೆನ್ನ ಹಿಂದೆ ಮುಚ್ಚಿಟ್ಟುಕೊಂಡ.

“ಹದ್ನಾಲ್ಕು ವರ್ಸ!” ಅಜ್ಜಿ ಗೋಡೆ ಹಿಡಿದು ಎದ್ದಳು. ಧಾರಾವಾಹಿಯವರ ಮೇಲೆ ಬಂದ ಸಿಟ್ಟು ಇದರ ಮುಂದೆ ಏನೂ ಅಲ್ಲ. “ಹದ್ನಾಲ್ಕು ವರ್ಸ ಸಪ್ಪೆ ಹೋಳಿಗೆ ತಿಂದ್ಕಂಡು ಚೆನ್ನಾಗೈತೆ ಚೆನ್ನಾಗೈತೆ ಅಂದ್ರಾ? ಊರಿಗೆಲ್ಲ ಹಂಚಿದೀನಲ್ಲೇ! ಒಬ್ರಿಗಾರಾ ಬಾಯಿ ಇರ್ಲಿಲ್ವಾ?”

ಒಲೆ ಮತ್ತೆ ಹತ್ತಿಸಿದಳು. ಹೂರಣದ ಪಾತ್ರೆಯನ್ನು ಧಡ್ಡನೆ ಕುಕ್ಕಿದಳು. ಗಂಟೆ ಆರೂ ಐದು.

ಈಗ ನೀವು ಕೇಳುತ್ತೀರಿ, ಬೆಲ್ಲ ಸರಿಯಿದೆಯೋ ಇಲ್ಲವೋ ಎಂದು ಅಜ್ಜಿ ಹೂರಣ ಬಾಯಿಗೆ ಹಾಕಿಕೊಂಡು ನೋಡಿದಳೇ? ಹೂರಣ ತಿಂದರೆ ಹೋಳಿಗೆ ತಿಂದಂತೆಯೇ? ಹೇಳುವುದಿಲ್ಲ. ತೊಂಬತ್ತು ನಿಮಿಷ ನಮ್ಮನ್ನು ಕೂರಿಸಿ ಎಲ್ಲಕ್ಕೂ ಉತ್ತರ ಕೊಟ್ಟವರ ಗತಿ ನೋಡಿದಿರಲ್ಲ. ಈ ಪುಟದಲ್ಲಿ ಹೊತ್ತಿನ್ನೂ ಮುಳುಗಿಲ್ಲ, ಅಷ್ಟನ್ನು ಮಾತ್ರ ನಾನು ಸತ್ಯವಾಗಿ ಬರೆಯಬಲ್ಲೆ. ಅಜ್ಜಿ ಕೂಗುತ್ತಿದ್ದಾಳೆ.

“ಅದೇನೇ ಬರೀತಾ ಕೂತಿದೀಯ? ಎದ್ ಬಾ. ಬೆಲ್ಲ ಕುಟ್ಟು.”

ಹೋಗುತ್ತೇನೆ.