ಮಾಗಡಿ ಬಸ್ಸು ಮತ್ತು ಸೂರ್ಯನ ಗಾಳಿ

೧

ಹೆದರಿಸುವ ಕಥೆಯನ್ನು ಹಾಡುಹಗಲಿನಲ್ಲಿ ಶುರು ಮಾಡಬಹುದೇ? ಕತ್ತಲಿಗೆ ಕಾಯೋಣವೆಂದರೆ ನನ್ನ ಭಯ ಬರುವುದೇ ಸೂರ್ಯನಿಂದ. ಮೊದಲ ಡ್ರಾಫ್ಟ್ "ಸೂರ್ಯನಿಂದ ಸದಾ ಹೊಮ್ಮುವ ವಿದ್ಯುತ್ ಕಣಗಳನ್ನು ಸೌರಮಾರುತ ಎನ್ನುತ್ತಾರೆ" ಎಂದು ಶುರುವಾಗಿತ್ತು. ಎಂಟನೇ ಕ್ಲಾಸಿನ ಪಾಠದಂತಿತ್ತು, ಹರಿದೆ. ಎರಡನೆಯದು "ಸೂರ್ಯನ ಗಾಳಿ ಹಿಡಿಯುವ ಯಂತ್ರ" ಎಂದು ಶುರುವಾಯಿತು. (ಗಾಳಿ ಹಿಡಿಯುವುದೆಂದರೆ ನಮ್ಮ ಕಡೆ ದೆವ್ವ ಮೆಟ್ಟಿಕೊಳ್ಳುವುದು. ಇದನ್ನು ಹರಿಯಲು ಮನಸ್ಸು ಬರಲಿಲ್ಲ.)

೨

ಚನ್ನಪಟ್ಟಣದ ಮುಜೀಬ್ ಮರದ ಆಟಿಕೆ ಕಡೆಯುವವನು. ಲೇತಿನಲ್ಲಿ ತಿರುಗುವ ಮರ ವಾಲುವುದನ್ನು ಕಣ್ಣಿಗಿಂತ ಮೊದಲು ಕಿವಿಯಲ್ಲೇ ಪತ್ತೆ ಮಾಡುತ್ತಾನೆ. ಮಗಳು ಕೆಹಕಶಾನ್ ಫಿಸಿಕ್ಸ್‌ನಲ್ಲಿ ಎಂಎಸ್ಸಿ ಮಾಡಿದವಳು. ಹೆಸರಿನ ಅರ್ಥ ಆಕಾಶಗಂಗೆ.

ಅವಳಿಗೆ ನಾನೊಂದು ಕೆಲಸ ಕೊಟ್ಟಿದ್ದೇನೆ. ಅಂತರಿಕ್ಷದಲ್ಲಿ ಬುಗುರಿಯಂತೆ ತಿರುಗುವ ಯಂತ್ರವೊಂದರ ಒಂದು ಕಿಲೋಮೀಟರ್ ಉದ್ದದ ತಾಮ್ರದ ತಂತಿ ಸೂರ್ಯನ ಗಾಳಿಯಿಂದ ಎಲೆಕ್ಟ್ರಾನ್‌ಗಳನ್ನು ಸೆಳೆದು ಕರೆಂಟ್ ಮಾಡುತ್ತದೆ. ಲೇಸರ್ ಕಿರಣ ಅದನ್ನು ಮಾಗಡಿ ಪಕ್ಕದ ಬಂಡೆಯ ಮೇಲೆ ಅದನ್ನು ಹಿಡಿಯಲು ಇಟ್ಟ ತಟ್ಟೆಗೆ ಇಳಿಸುತ್ತದೆ. ಹಿಡಿಯುವುದು ಹೇಗೋ ಆಗುತ್ತದೆ, ತರುವುದೇ ಕಷ್ಟ. ಅಷ್ಟು ದೂರದ ಕಿರಣ ಹರಡಿಕೊಂಡರೆ ಒಂದು ಬಲ್ಬೂ ಹತ್ತುವುದಿಲ್ಲ. ಭಾರೀ ಮಸೂರ ಇಟ್ಟು ಒಂದೆಡೆ ಕೂಡಿಸಿದರೆ, ಗುರಿ ತಪ್ಪಿದ ಕಡೆ ಏನೂ ಉಳಿಯುವುದಿಲ್ಲ.

ಇವತ್ತು ಮೊದಲ ಪರೀಕ್ಷೆ. ಕಿರಣ ಇಳಿಯುವುದು ೧೧.೪೦ಕ್ಕೆ. ಆಗ ಕೆಹಕಶಾನ್ ತಟ್ಟೆಯ ಪಕ್ಕದಲ್ಲಿ ಮೀಟರ್ ನೋಡುತ್ತಾ ನಿಂತಿರಬೇಕು. (ಅಲ್ಲಿ ಮನುಷ್ಯರೇ ಯಾಕೆ ನಿಲ್ಲಬೇಕು ಎಂದು ಕೇಳಬೇಡಿ. ಕಥೆಗೆ ಬೇಕಿತ್ತು.)

೩

ಮುಜೀಬ್ ಫೋನ್ ಮಾಡಿದ. (ಪಾತ್ರಗಳಿಗೆ ನಂಬರ್ ಕೊಟ್ಟಿದ್ದು ನನ್ನದೇ ತಪ್ಪು.)

"ಸಾ, ಮಗ್ಳು ಕೊಟ್ಟ ನಕ್ಷೆ ನೋಡ್ಕಂಡು ನಿಮ್ ಯಂತ್ರದ ಮಾಡೆಲ್ ಕಡ್ದೆ. ತಿರುಗ್ಸಿದ್ರೆ ವಾಲಾಡ್ತೈತೆ. ನಕ್ಷೆನಾಗೇ ಐತೆ ತಪ್ಪು."

"ಎಷ್ಟು ವಾಲುತ್ತೆ?"

"ಒಸಿ. ಕೂದ್ಲೆಳೆಯಷ್ಟು."

"ಅಷ್ಟೇ ತಾನೆ, ಮುಜೀಬ್ ಭಾಯ್?"

"ಅಷ್ಟೇ ತಾನೆ ಅಂತೀರಲ್ಲ! ನಡುವಿನಾಗೆ ಕೂದ್ಲೆಳೆ ಆಡಿದ್ರೆ ಬುಗುರಿ ಅಂಚಿನಾಗೆ ಬೆರಳಗಲ ಆಡ್ತೈತೆ. ನಿಮ್ ಬೆಳಕು ಎಷ್ಟು ದೂರದಿಂದ ಬತ್ತೈತೆ?"

ಲಕ್ಷಾಂತರ ಕಿಲೋಮೀಟರ್ ಎಂದೆ. ಆ ಕಡೆ ಲೇತಿನ ಸದ್ದು ನಿಂತಿತು.

"ಮಗ್ಳಿಗೆ ಬೆಳಿಗ್ಗೆನೇ ಹೇಳ್ದೆ. ಹೋಗಿ ನೋಡ್ತೀನಿ ಅಬ್ಬಾ ಅಂತ ಬಸ್ ಹತ್ಬುಟ್ಲು. ನಿಮ್ಗೆ ಮೊದ್ಲೇ ಗೊತ್ತಿತ್ತು, ಅಲ್ವಾ ಸಾ?"

ಗೊತ್ತಿತ್ತು. ನಕ್ಷೆಯಲ್ಲಿ ಆ ವಾಲಾಟ ಇಟ್ಟವನೇ ನಾನು. ಹೆದರಿಸುವ ಕಥೆಗೆ ಒಂದು ಸಾವು ಬೇಕೆಂದು ನಂಬಿಕೊಂಡಿದ್ದೆ.

೪

ಅಂತ್ಯಗಳು, ಆರಿಸಿಕೊಳ್ಳಿ.

(ಅ) ಕಿರಣ ನೇರ ತಟ್ಟೆಗೆ ಬೀಳುತ್ತದೆ, ಬಲ್ಬು ಹತ್ತುತ್ತದೆ, ಚಪ್ಪಾಳೆ. ಮುಜೀಬ್‌ಗೆ ಓದಿ ಹೇಳಿದೆ. "ಮತ್ತೆ ವಾಲಾಟ ಎಲ್ಲೋಯ್ತು ಸಾ?" ಎಂದ. ಸುಳ್ಳೂ ಅವನ ಕಿವಿಗೆ ಗೊತ್ತಾಗುತ್ತದೆ.

(ಆ) ಬರೆದಿದ್ದೇನೆ. ಅವನಿಗೆ ಓದಲಿಲ್ಲ. ನಿಮಗೂ ತೋರಿಸುವುದಿಲ್ಲ.

(ಇ) ರಾಮನಗರದಿಂದ ಹೊರಟ ಮಾಗಡಿ ಬಸ್ಸು ದಾರಿಯಲ್ಲಿ ಕೆಟ್ಟು ನಿಲ್ಲುತ್ತದೆ. ಕೆಹಕಶಾನ್ ಹೊತ್ತಿಗೆ ಸರಿಯಾಗಿ ತಲುಪುವುದಿಲ್ಲ. (ಮಾಗಡಿಗೆ ರೈಲಿಲ್ಲದ್ದು ಒಳ್ಳೆಯದೇ ಆಯಿತು.)

ಇದನ್ನು ಕೇಳಿ ಮುಜೀಬ್ ನಿಟ್ಟುಸಿರು ಬಿಟ್ಟ. ಆಮೇಲೆ ಮೆಲ್ಲಗೆ, "ಅವ್ಳ ಜಾಗ್ದಾಗೆ ಯಾರು ನಿಂತವ್ರೆ?" ಎಂದ.

"ಯಾರೋ ಒಬ್ಬರು. ಹೆಸರಿಟ್ಟಿಲ್ಲ."

"ಹೆಸ್ರಿಲ್ದಿದ್ರೂ ಅವ್ರಿಗೂ ಒಬ್ಬ ಅಪ್ಪ ಇರ್ತಾನಲ್ಲ ಸಾ."

೫

ನನಗೆ ನಿಜವಾಗಿ ಭಯವಾಯಿತು. (ಇ)ಯಲ್ಲಿ ಬಸ್ಸು ಕೆಟ್ಟ ಜಾಗದಲ್ಲೇ ಕಥೆಯ ಗಡಿಯಾರವನ್ನು ೧೧.೩೯ಕ್ಕೆ ಹಿಡಿದು ನಿಲ್ಲಿಸಿದೆ. ಕಿರಣ ಮೇಲೆಯೇ ಇರಲಿ, ಬಸ್ಸು ಇಲ್ಲೇ ಇರಲಿ, ಕಥೆ ಮುಗಿಯುವುದೇ ಬೇಡ. (ಮುಗಿಸದೆ ಬಿಟ್ಟದ್ದನ್ನು ವಿಮರ್ಶಕರು ಆಧುನಿಕೋತ್ತರ ಎನ್ನಬಹುದು. ನನಗೆ ಮುಗಿಸಲು ಧೈರ್ಯವಿಲ್ಲ, ಅಷ್ಟೇ.)

ಮತ್ತೆ ಫೋನ್. ಈ ಸಲ ಕೆಹಕಶಾನ್.

"ಸರ್, ಬಸ್ ಯಾಕೆ ನಿಲ್ಸಿದ್ರಿ?"

"ನೀನು ಉಳೀಲಿ ಅಂತ."

"ಅಬ್ಬಾ ಹೇಳಿದ ತಪ್ಪು ಬಂಡೆ ಹತ್ರ ಇರೋರಿಗೆ ಗೊತ್ತಿಲ್ಲ. ಅಲ್ಲಿಗೆ ನೆಟ್‌ವರ್ಕೂ ಕೊಟ್ಟಿಲ್ಲ ನೀವು. ನಾನೇ ಹೋಗಿ ಹೇಳ್ಬೇಕು."

"ಗಡಿಯಾರ ನಿಂತಿದೆ, ಯಾರಿಗೂ ಏನೂ ಆಗಲ್ಲ. ಸುಮ್ನೆ ಕೂತಿರಮ್ಮ."

"ಎಷ್ಟೊತ್ತು ಹಿಡ್ಕೊಂಡಿರ್ತೀರಾ ಸರ್? ಕೈ ನೋಯಲ್ವಾ?"

ಬಸ್ಸಿನ ಬಾಗಿಲು ತೆಗೆದ ಸದ್ದು. ಜಲ್ಲಿಯ ಮೇಲೆ ಚಪ್ಪಲಿಯ ಸದ್ದು. ಇದನ್ನು ನಾನು ಬರೆದಿಲ್ಲ. ಬಸ್ಸು ನಿಲ್ಲಿಸುವ ವಾಕ್ಯ ನನಗೆ ಗೊತ್ತಿತ್ತು, ನಡೆಯುವವಳನ್ನು ನಿಲ್ಲಿಸುವ ವಾಕ್ಯ ಗೊತ್ತಿಲ್ಲ.

೬

ಬಂಡೆಗೆ ಇನ್ನು ಒಂದು ಕಿಲೋಮೀಟರ್, ಆ ತಾಮ್ರದ ತಂತಿಯಷ್ಟೇ ಉದ್ದ. ಅವಳು ಬೇಗ ಬೇಗ ನಡೆಯುತ್ತಿದ್ದಾಳೆ. ನನ್ನ ಕೈ ನೋಯತೊಡಗಿದೆ.

ಮುಜೀಬ್ ಮತ್ತೆ ಲೈನಿನಲ್ಲಿದ್ದಾನೆ.

"ಮಗ್ಳು ಬಸ್ನಾಗೇ ಅವ್ಳಾ ಸಾ?"

"ಹೂಂ," ಎಂದೆ. "ಬಸ್ಸಲ್ಲೇ ಇದ್ದಾಳೆ."

ಅವನು ನನ್ನ ದನಿ ವಾಲುತ್ತದೆಯೇ ಎಂದು ಕೇಳಿಸಿಕೊಳ್ಳುತ್ತಿದ್ದಾನೆ.