ದಾಳಿಂಬೆ ಸಿಪ್ಪೆ ತೊಳೆದ ನೀರು

ನಮ್ಮ ಅಮ್ಮ ರಂಗನಾಯಕಿ ತೊಳೆಯದ ವಸ್ತು ಬಸವನಗುಡಿಯ ನಮ್ಮ ಮನೆಯಲ್ಲಿ ಇರಲಿಲ್ಲ. ಉಪ್ಪೊಂದನ್ನು ಬಿಟ್ಟಿದ್ದಳು, ಅದೂ ಕರಗಿಹೋಗುತ್ತದೆ ಎಂಬ ಕಾರಣಕ್ಕೆ. ಅಪ್ಪ ಹೊರಗಿನಿಂದ ಬಂದಾಗ ಬಾಗಿಲಲ್ಲೇ ನಿಂತು, ಒಳಗೆ ಬರಬಹುದೋ ಮೊದಲು ನೆನೆಯಬೇಕೋ ಎಂದು ಕೇಳುತ್ತಿದ್ದರು. ನಾನು ನಗುತ್ತಿದ್ದೆ.

ಇಂಥ ಮನೆಗೆ ನನ್ನ ಹೆಂಡತಿ ಶ್ರೀವಿದ್ಯಾ ವಿಶ್ವೇಶ್ವರಪುರಂನ ಜ್ಯೂಸ್ ಅಂಗಡಿಯಿಂದ ಒಂದು ಚೀಲ ದಾಳಿಂಬೆ ಸಿಪ್ಪೆ ತಂದಳು. ಅವಳು ಆಗ ಪಿಎಚ್.ಡಿ. ಮಾಡುತ್ತಿದ್ದಳು. ಸಿಪ್ಪೆಯಲ್ಲಿರುವ ಆ್ಯಂಟಿಆಕ್ಸಿಡೆಂಟುಗಳನ್ನು ಅವಳ ಲ್ಯಾಬಿನಲ್ಲಿ ಎಲ್ಲರೂ ಮೆಥನಾಲ್ ಹಾಕಿ ತೆಗೆಯುತ್ತಿದ್ದರು. ಅದು ವಿಷ. ಸಿಂಕಿನಿಂದ ಮೋರಿಗೆ, ಮೋರಿಯಿಂದ ಕೆರೆಗೆ ಹೋಗುವಂಥದ್ದು. ಅದರ ವಾಸನೆಗೆ ಇವಳಿಗೆ ತಲೆನೋವು ಬೇರೆ. ಬರೀ ಬಿಸಿನೀರಿನಲ್ಲೇ ಆಗುತ್ತದೆ ಎನ್ನುವುದು ಇವಳ ಹಟ. ಗೈಡ್ ವೆಂಕಟಾಚಲ ಒಂದೇ ಅವಕಾಶ ಕೊಟ್ಟಿದ್ದರು: ನೀರಿನಲ್ಲಿ ಆಗದಿದ್ದರೆ ಸುಮ್ಮನೆ ಮೆಥನಾಲಿಗೆ ಬರಬೇಕು, ವಾದ ಮಾಡಕೂಡದು. ವಾದ ಮಾಡದೆ ಇರುವುದು ಶ್ರೀವಿದ್ಯಾಳಿಗೆ ಎಷ್ಟು ಕಷ್ಟವೆಂದು ನನ್ನನ್ನು ಕೇಳಿ.

ಸಿಪ್ಪೆ ಒಣಗಿಸುವ ಕೆಲಸವನ್ನು ಅಮ್ಮ ತಾನೇ ವಹಿಸಿಕೊಂಡಳು. ಗರಿಗರಿಯಾದ ಚೂರುಗಳನ್ನು ಮಡಿಬಟ್ಟೆಯಲ್ಲಿ ಕಟ್ಟಿ, ದೇವರಿಗೆ ತೋರಿಸಿ ಸೊಸೆಯ ಕೈಗಿಟ್ಟಳು.

ಪರೀಕ್ಷೆ ಸರಳ. ಕಡುನೇರಳೆ ಬಣ್ಣದ ದ್ರಾವಣಕ್ಕೆ ಸಿಪ್ಪೆ ಕುದಿಸಿದ ನೀರು ಬೆರೆಸಬೇಕು. ಸತ್ವವಿದ್ದರೆ ನೇರಳೆ ಹೋಗಿ ಹಳದಿಯಾಗುತ್ತದೆ. ಅಂದು ನೇರಳೆ ನೇರಳೆಯಾಗಿಯೇ ಕೂತಿತು. ವೆಂಕಟಾಚಲ ಮೆಥನಾಲ್ ಬಾಟಲಿಯನ್ನು ಅವಳ ಮುಂದೆ ಸರಿಸಿದರಂತೆ.

ಮನೆಗೆ ಬಂದವಳು ಅಡುಗೆಮನೆಯ ಹೊಸ್ತಿಲ ಮೇಲೆ ಕೂತು ಅತ್ತಳು. ನೀರಿಗೆ ಆ ಶಕ್ತಿ ಇಲ್ಲ, ಸರ್ ಹೇಳಿದ್ದೇ ಸರಿ ಎಂದಳು. ಹೊಸ್ತಿಲ ಮೇಲೆ ಕೂರಬಾರದೆಂದು ಹೇಳಲು ಅಮ್ಮನಿಗೂ ಧೈರ್ಯವಾಗಲಿಲ್ಲ. ಆದರೆ ತಾನು ಒಣಗಿಸಿಕೊಟ್ಟ ಸಿಪ್ಪೆಯ ಮೇಲೆ ಎಲ್ಲಿ ಅಪವಾದ ಬರುತ್ತದೋ ಎಂದು ಅವಳಿಗೆ ದಿಗಿಲು.

“ಸಿಪ್ಪೇದೇನೂ ತಪ್ಪಿಲ್ಲ ಕಣೇ. ಬೀದಿ ಸಿಪ್ಪೆ, ಯಾರ್ಯಾರು ಮುಟ್ಟಿದ್ರೋ ಅಂತ ಸಣ್ಣಗೆ ಹೆಚ್ಚಿ, ಬಿಸಿನೀರಲ್ಲಿ ನೆನೆಹಾಕಿ ಹಾಕಿ ತೊಳ್ದಿದೀನಿ. ಮೊದ್ಲು ಡಿಕಾಕ್ಷನ್ ಥರ ಬರ್ತಿತ್ತು. ತಿಳಿನೀರು ಬರೋವರ್ಗೂ ನಾನು ಬಿಡ್ಲಿಲ್ಲ.”

ಶ್ರೀವಿದ್ಯಾಳ ಅಳು ನಿಂತಿತು.

“ಆ ನೀರೆಲ್ಲಾ ಏನ್ಮಾಡಿದ್ರಿ ಅತ್ತೆ?”

“ಇನ್ನೇನ್ಮಾಡ್ತಾರೆ, ಬಚ್ಚಲಿಗೆ ಚೆಲ್ದೆ.”

ಅವಳು ಕಣ್ಣೊರೆಸಿಕೊಳ್ಳುತ್ತಲೇ ಬಿದ್ದು ಬಿದ್ದು ನಕ್ಕಳು. ನೀರಿಗೆ ಶಕ್ತಿ ಇಲ್ಲದೆ ಅಲ್ಲ. ತೆಗೆಯಬೇಕಾದ್ದನ್ನೆಲ್ಲ ನೀರು ನಮ್ಮ ಮನೆಯಲ್ಲೇ ತೆಗೆದು ಮುಗಿಸಿತ್ತು. ಲ್ಯಾಬಿಗೆ ಹೋದದ್ದು ಬರೀ ಚರಟ.

ಮತ್ತೆ ಚೀಲ ಹಿಡಿದು ಜ್ಯೂಸ್ ಅಂಗಡಿಗೆ ಓಡಿದವನು ನಾನು. ಈ ಸಲ ಸಿಪ್ಪೆ ನೆನೆಸಿದ ಮೊದಲ ನೀರೇ ಲ್ಯಾಬಿಗೆ ಹೋಗಬೇಕಿತ್ತು. ಕೊಳೆನೀರನ್ನು ಅಷ್ಟು ದೊಡ್ಡ ಮೇಷ್ಟ್ರ ಮುಂದೆ ಇಡುವುದೇ, ಮನೆತನದ ಮಾನ ಏನಾಗಬೇಕು ಎಂದು ಅಮ್ಮ ಗೊಣಗಿದಳು. ನೀರನ್ನಂತೂ ತೊಳೆಯಲಾಗದು, ಅದನ್ನು ತುಂಬಿದ ಸ್ಟೀಲ್ ಡಬ್ಬಿಯನ್ನಾದರೂ ಹೊರಗಿನಿಂದ ಫಳಫಳ ಬೆಳಗಿ ಕಳಿಸಿದಳು.

ಸಂಜೆ ಶ್ರೀವಿದ್ಯಾ ಬಂದಾಗ ಅಮ್ಮ ಲೋಟ ತೊಳೆದಿಡುತ್ತಿದ್ದಳು. ತಿರುಗಿ ನೋಡದೆಯೇ, ಆ ನೀರು ನೋಡಿ ಅವರು ಏನಂದುಕೊಂಡರೋ ಎಂದು ಕೇಳಿದಳು.

“ನೇರಳೆ ಪೂರ್ತಿ ಹಳದಿ ಆಯ್ತು ಅತ್ತೆ. ಸರ್ ಮೆಥನಾಲ್ ಬಾಟ್ಲಿ ತಗೊಂಡ್ಹೋಗಿ ಬೀರು ಒಳಗಿಟ್ರು. ನಮ್ಮತ್ತೆ ತೊಳ್ಯೋ ಹಾಗೆ ಯಾರೂ ತೊಳ್ಯಲ್ಲ ಸರ್ ಅಂತ ಹೇಳ್ಬಂದೆ.”

ಅಪ್ಪನೂ ನಾನೂ ಮುಖ ಮುಖ ನೋಡಿಕೊಂಡೆವು. ಅಮ್ಮ ತೊಳೆಯುವುದನ್ನು ಆ ಮನೆಯಲ್ಲಿ ಯಾರಾದರೂ ಹೊಗಳಿದ್ದು ಅದೇ ಮೊದಲು. ಅಮ್ಮ ಆಗಲೇ ತೊಳೆದಿಟ್ಟಿದ್ದ ಲೋಟವನ್ನು ತೆಗೆದುಕೊಂಡು ಮತ್ತೆ ತೊಳೆಯತೊಡಗಿದಳು.