ಉಪ್ಪು ಬೆರೆಸಿದ ಹುಣಸೆ

ಹಿಂದೂಪುರದ ಹುಣಸೆ ಮಂಡಿಯಲ್ಲಿ ಕೊಂಡಪ್ಪನ ನಾಲಿಗೆಗೆ ದೊಡ್ಡ ಹೆಸರಿತ್ತು. ಮೂಟೆಯಿಂದ ಚಿಟಿಕೆ ಹುಣಸೆ ಕಿತ್ತು ಬಾಯಿಗೆ ಹಾಕಿಕೊಂಡನೆಂದರೆ, ಇದು ಈ ವರ್ಷದ್ದು, ಇದು ಹೋದ ವರ್ಷದ್ದು, ಇದಕ್ಕೆ ತೂಕ ಬರಲೆಂದು ನೀರು ಚಿಮುಕಿಸಿದ್ದಾರೆ ಎಂದು ಕಣ್ಣು ಮುಚ್ಚಿಕೊಂಡೇ ಹೇಳಿಬಿಡುತ್ತಿದ್ದ. ಇಪ್ಪತ್ತು ವರ್ಷದ ಅಭ್ಯಾಸ. ಅಂಥ ನಾಲಿಗೆಯೇ ಕಲ್ಯಾಣದುರ್ಗದಲ್ಲಿ ಅವನಿಗೆ ಕೈಕೊಟ್ಟಿತು ನೋಡಿ.

ಹೋಗಿದ್ದು ಮಗಳು ಗೌರಕ್ಕನಿಗೆ ನೋಡಿದ್ದ ಗಂಡಿನ ಮನೆ ನೋಡಲು. ಸಂಬಂಧ ತಂದವನು ಷಡ್ಡಕ ಕದಿರಣ್ಣ. ಹುಡುಗ ಯರ್ರಿಸ್ವಾಮಿ ಹಿಂದೂಪುರಕ್ಕೇ ಬಂದು ಹೋಗಿದ್ದ, ಹುಡುಗಿ ಒಪ್ಪಿದ್ದಳು. ಒಪ್ಪದಿದ್ದವನು ಕೊಂಡಪ್ಪ ಒಬ್ಬನೇ. ಬಡಗಲಿಗೆ ಅಷ್ಟು ದೂರ, ಬಸ್ಸಿಗೆ ಅದೇ ಕೊನೆಯ ಊರು. ಅಲ್ಲಿ ಮಗಳು ಅತ್ತರೆ ಇಲ್ಲಿಗೆ ಕೇಳಿಸುತ್ತದೆಯೇ? ಅದೂ ಗೌರಕ್ಕ ಎಂಥವಳು! ತಿಂಗಳಿಗೊಂದು ಗಡಿಗೆ ಒಡೆಯುವವಳು, ದಿನ ಬಿಟ್ಟು ದಿನ ಹಾಲು ಉಕ್ಕಿಸುವವಳು. ತವರಲ್ಲಿ ಏನೋ ನಡೆಯುತ್ತದೆ. ಅತ್ತೆಮನೆಯಲ್ಲಿ ಸುಮ್ಮನೆ ಬಿಟ್ಟಾರೆಯೇ? ಅದನ್ನು ನೆನೆದರೆ ಅವನಿಗೆ ನಿಜವಾಗಿಯೂ ಭಯವಾಗುತ್ತಿತ್ತು.

ಹೊರಡುವಾಗ ಹೆಂಡತಿ ನಾರಮ್ಮ ಬಾಗಿಲವರೆಗೂ ಬಂದು ಎಚ್ಚರಿಸಿದ್ದಳು. "ಬೆಲ್ಲ ಕೊಟ್ರೆ ತಿನ್ನಿ, ನೀರು ಕೊಟ್ರೆ ಕುಡೀರಿ. ಮನಸ್ಸಿಲ್ಲಾಂದ್ರೆ ಆ ಮನೆ ಉಪ್ಪು ಮಾತ್ರ ಬಾಯಿಗೆ ಹಾಕ್ಬ್ಯಾಡಿ. ಹಾಕಿದ್ರೋ, ಒಪ್ಪಿದಂಗೇ ಲೆಕ್ಕ."

"ನಂಗೊತ್ತಿಲ್ವಾ? ಹೋಯ್ತೀನಿ, ದೂರ ಆಯ್ತು ಅಂತೀನಿ, ಬತ್ತೀನಿ," ಅಂದಿದ್ದ ಕೊಂಡಪ್ಪ.

ಮಡಕಶಿರಾ, ಪಾವಗಡ ದಾಟಿ ಬಸ್ಸು ಧೂಳಿನಲ್ಲಿ ಕುಲುಕಾಡಿತು. ಮಧ್ಯಾಹ್ನದ ಹೊತ್ತಿಗೆ ಕಂಡಕ್ಟರು "ದಿಗಂಡಯ್ಯಾ, ಬಂಡಿ ಇಂಕ ಪೋದು!" ಎಂದು ತೆಲುಗಿನಲ್ಲಿ ಕೂಗಿದ, ಇಳಿಯಿರಿ, ಬಂಡಿ ಇನ್ನು ಮುಂದಕ್ಕೆ ಹೋಗದು ಅಂತ. ಕೊಂಡಪ್ಪನ ಸೊಂಟ ಹಿಡಿದುಹೋಗಿತ್ತು. ಮೂರು ಗಂಟೆಗೆ ಇದೇ ಬಸ್ಸು ಹಿಂದಕ್ಕೆ ಹೊರಡುತ್ತದೆ ಎಂದು ಕೇಳಿಕೊಂಡೇ ಇಳಿದ.

ಮನೆಯಲ್ಲಿ ಇದ್ದವಳು ಹುಡುಗನ ಅಜ್ಜಿ ಉಡುಸಲಮ್ಮ ಒಬ್ಬಳೇ. ಅವಳ ಮಗ, ಹುಡುಗನ ಅಪ್ಪ ಗೋವಿಂದಪ್ಪನನ್ನು ಹೊಲದಿಂದ ಕರೆತರಲು ಜೊತೆಗೆ ಬಂದಿದ್ದ ಕದಿರಣ್ಣ ಹೋದ. ಅಜ್ಜಿ ಜಗಲಿಯ ಮೇಲೆ ಚಾಪೆ ಹಾಸಿ ಬೆಲ್ಲ ಕೊಟ್ಟಳು, ನೀರು ತರಲು ಒಳಗೆ ಹೋದಳು. ಜಗಲಿಯ ಮೂಲೆಯಲ್ಲಿ ಒಂದು ಮೊರ, ಮೊರದ ತುಂಬ ಕುಟ್ಟಿ ಉಂಡೆ ಕಟ್ಟಿದ ಹೊಸ ಹುಣಸೆ. ಕೊಂಡಪ್ಪ ಮನಸ್ಸಿನಲ್ಲೇ ಮಾತು ಜೋಡಿಸುತ್ತಿದ್ದ. ಮನೆ ಒಳ್ಳೇದೇ, ಆದ್ರೆ ದೂರ ಆಯ್ತು... ಜನ ಒಳ್ಳೇರೇ, ಆದ್ರೆ ದೂರ ಆಯ್ತು... ಅಷ್ಟರಲ್ಲಿ ಕೈ ತನ್ನ ಪಾಡಿಗೆ ತಾನು ಮೊರಕ್ಕೆ ಹೋಗಿ, ಚಿಟಿಕೆ ಕಿತ್ತು, ಬಾಯಿಗೆ ಹಾಕಿಯೂ ಆಗಿತ್ತು. ಈ ವರ್ಷದ್ದೇ. ಒಳ್ಳೆ ತಿರುಳು. ಕಲ್ಲುಪ್ಪು ಹದವಾಗಿ...

ಉಪ್ಪು!

ಅಯ್ಯೋ ನನ್ನ ಬಾಯಿಗಿಷ್ಟು ಮಣ್ಣು ಹಾಕ! ಉಗುಳುವಂತಿಲ್ಲ, ನುಂಗುವಂತಿಲ್ಲ. ತಲೆಯೆತ್ತಿದರೆ ಬಾಗಿಲಲ್ಲಿ ಚೊಂಬು ಹಿಡಿದು ಉಡುಸಲಮ್ಮ ನಿಂತಿದ್ದಾಳೆ, ನೇರವಾಗಿ ಅವನನ್ನೇ ನೋಡುತ್ತ. ಕೊಂಡಪ್ಪ ನುಂಗಿದ.

ಅದೇ ಹೊತ್ತಿಗೆ ಗೋವಿಂದಪ್ಪ ಇಬ್ಬರು ನೆಂಟರನ್ನೂ ಕದಿರಣ್ಣನನ್ನೂ ಕರೆದುಕೊಂಡು ಬಂದ. ಕಾಲು ತೊಳೆಯುತ್ತಲೇ ತಾಯಿಯನ್ನು ಕೇಳಿದ. "ಏನವ್ವಾ, ಬೀಗ್ರು ಏನಾದ್ರೂ ತಗಂಡ್ರಾ?"

ಮುದುಕಿ ಒಂದು ಮಾತು ಆಡಿದರೆ ಸಾಕು, ಎಲೆಅಡಿಕೆ ತಟ್ಟೆ ಹೊರಗೆ ಬರುತ್ತದೆ, ಮಗಳು ಈ ಊರಿನ ಪಾಲಾಗುತ್ತಾಳೆ.

"ಇನ್ನೂ ಬೀಗ್ರಾಗಿಲ್ಲ ಕಣಪ್ಪ," ಅಂದಳು ಉಡುಸಲಮ್ಮ. "ಒಂಚೂರು ಬೆಲ್ಲ ತಿಂದವ್ರೆ. ಇನ್ನೇನೂ ಮುಟ್ಟಿಲ್ಲ."

ಚೊಂಬು ಕೊಡುವ ನೆಪದಲ್ಲಿ ಬಗ್ಗಿ ಅವನಿಗಷ್ಟೇ ಕೇಳುವಂತೆ ಹೇಳಿದಳು. "ಕೈಗೆ ಅಭ್ಯಾಸ, ಹೋಯ್ತು. ಅದಕ್ಕೆ ಯಾರಾದ್ರೂ ಮಗಳ್ನ ಕೊಡ್ತಾರಾ? ಮನಸ್ಸಿದ್ರೆ ಕೊಡು. ಇಲ್ದಿದ್ರೆ ಮೂರು ಗಂಟೆಗೆ ಬಸ್ಸೈತೆ." ಹಾಗೆಂದು ಮೊರದ ಮೇಲೊಂದು ಬಟ್ಟೆ ಎಳೆದಳು.

ಕೊಂಡಪ್ಪ ನೀರು ಕುಡಿದ. ಗೋವಿಂದಪ್ಪ ಮಳೆ, ಬೆಳೆ, ಹೊಸ ಬಾವಿ ಎಂದು ಏನೇನೋ ಹೇಳುತ್ತಿದ್ದ. ಕೊಂಡಪ್ಪನಿಗೆ ಒಂದೂ ಕಿವಿಗೆ ಬೀಳಲಿಲ್ಲ. ಒಡೆದ ಗಡಿಗೆಯ ಮುಂದೆ ಬಾಯಿಗೆ ಸೆರಗು ಒತ್ತಿಕೊಂಡು ನಿಲ್ಲುವ ಗೌರಕ್ಕನೇ ಕಣ್ಣಿಗೆ ಬರುತ್ತಿದ್ದಳು. ಅವಳ ಪಕ್ಕದಲ್ಲಿ ಈ ಮುದುಕಿ, ಆ ಚೂರುಗಳ ಮೇಲೂ ಒಂದು ಬಟ್ಟೆ ಎಳೆಯುತ್ತ ನಿಂತಂತೆಯೂ ಕಂಡಿತು.

ಊರಾಚೆ ಬಸ್ಸಿನ ಹಾರನ್ ಕೇಳಿಸಿತು. ಕದಿರಣ್ಣ ಷಡ್ಡಕನ ಮುಖ ನೋಡಿ, "ಏಳೋಣ್ವಾ?" ಅಂದ.

ಕೊಂಡಪ್ಪ ಏಳಲಿಲ್ಲ.

"ಅವ್ವಾ, ಹೊಟ್ಟೆ ಹಸೀತೈತೆ," ಅಂದ. "ಮುದ್ದೆ ಇಕ್ಕು. ಆ ಹುಣಸೆದೇ ಒಂದಿಷ್ಟು ಸಾರು ಮಾಡು."

ಗೋವಿಂದಪ್ಪ ಗಾಬರಿಯಾದ. "ನೋಡಪ್ಪಾ, ಅದಕ್ಕೆ ಉಪ್ಪು ಬೆರೆಸೈತೆ."

"ಗೊತ್ತು ಬೀಗ್ರೆ," ಅಂದ ಕೊಂಡಪ್ಪ. "ಆಗ್ಲೇ ರುಚಿ ನೋಡಿವ್ನಿ. ಹದವಾಗೈತೆ."

ಗೋವಿಂದಪ್ಪ ತಾಯಿಯ ಕಡೆ ತಿರುಗಿದ. ಉಡುಸಲಮ್ಮ ಕಿವಿ ಕೇಳದವಳ ಹಾಗೆ ಮೊರ ಎತ್ತಿಕೊಂಡು ಒಳಗೆ ಹೋಗಿಬಿಟ್ಟಿದ್ದಳು.